ಬಿಸಿಯಲ್ಲೇ ಮಗುಚಿದ ಅಚ್ಚು

ಬನ್ನಕ್ಕನಿಗೆ ಕೇಕಿನ ವಾಸನೆ ಎಂದರೆ ಅಮ್ಮನ ಜಡೆಯ ವಾಸನೆ. ಅಮ್ಮ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ತಗಡಿನ ತಟ್ಟೆ ತೊಳೆಯುವ ಕೆಲಸಕ್ಕಿದ್ದಳು. ಸಂಜೆ ಮನೆಗೆ ಬಂದು ಕೈಕಾಲು ಮುಖ ಎಷ್ಟೇ ತೊಳೆದರೂ ಕೂದಲೊಳಗೆ ಸೇರಿಕೊಂಡ ವೆನಿಲ್ಲಾ, ಕಾದ ಬೆಣ್ಣೆ, ತುಸುವೇ ಸೀದ ಸಕ್ಕರೆಯ ವಾಸನೆ ಮಾತ್ರ ಜಪ್ಪಯ್ಯ ಎಂದರೂ ಹೋಗುತ್ತಿರಲಿಲ್ಲ. ಮಲಗುವಾಗ ಮಗಳು ಆ ಜಡೆಗೆ ಮೂಗು ಒತ್ತಿಕೊಂಡೇ ಕಣ್ಣು ಮುಚ್ಚುತ್ತಿದ್ದಳು. ನಿಜವಾದ ಕೇಕು ಬಾಯಿಗೆ ಬಿದ್ದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಅವಳಿಗೆ ಅನ್ನಿಸಿದ್ದು, ಅಯ್ಯೋ, ಇಷ್ಟೇನಾ ಎಂದು.

ಈಗ ಅವಳು ಕೆಲಸ ಮಾಡುತ್ತಿದ್ದ ಬೇಕರಿಗೆ ಆ ವಾಸನೆ ಇರಲಿಲ್ಲ. ಅದು ಹೆಂಗಸರ ಜೈಲಿನ ಬೇಕರಿ. ಅಲ್ಲಿ ಬೇಯುತ್ತಿದ್ದುದು ಬ್ರೆಡ್ಡು, ಬನ್ನು, ರಸ್ಕು, ಮೂರೇ. ನಾಲ್ಕು ವರ್ಷಗಳಿಂದ ದಿನಕ್ಕೆ ಇನ್ನೂರು ಬ್ರೆಡ್ಡು ಅವಳ ಕೈಯಿಂದ ತಗಡಿನ ಅಚ್ಚು ಬಿಟ್ಟು ಹೊರಬಂದಿದ್ದವು. ಬನ್ನು ಅವಳ ಅಂಗೈಯಲ್ಲಿ ಉರುಟಾದಷ್ಟು ಬೇರೆ ಯಾರ ಅಂಗೈಯಲ್ಲೂ ಆಗುತ್ತಿರಲಿಲ್ಲ. ಅದಕ್ಕೇ ಒಳಗಿನ ಹೆಂಗಸರಿಗೆಲ್ಲ ಅವಳು ಬನ್ನಕ್ಕ. ನಿಜವಾದ ಹೆಸರು ಕಚೇರಿಯ ಕಡತದಲ್ಲಿ ತಣ್ಣಗೆ ಮಲಗಿತ್ತು.

ಅವಳು ಇಲ್ಲಿಗೆ ಬಂದ ಕಥೆ ಎರಡು ಮಾತಿನದು. ಗಂಡನ ಅಣ್ಣನ ಜೊತೆ ಮೆಟ್ಟಿಲ ಮೇಲೆ ಜಗಳ, ಸಿಟ್ಟಿನಲ್ಲಿ ಒಂದು ತಳ್ಳು. ಬಿದ್ದವನು ಏಳಲಿಲ್ಲ. ಹನ್ನೆರಡು ವರ್ಷ ಶಿಕ್ಷೆಯಾಯಿತು, ಗಂಡ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಒಳಗೆ ಕಾಲಿಟ್ಟಾಗ ಅವಳು ಮೂರು ತಿಂಗಳ ಬಸುರಿ. ಮಗಳು ಹುಟ್ಟಿದ್ದು ಇಲ್ಲಿ, ಹಲ್ಲು ಬಂದದ್ದು ಇಲ್ಲಿ, ಮಾತು ಕಲಿತದ್ದೂ ಇಲ್ಲೇ. ಅಳಿಲಿನ ಹಾಗೆ ಕೊಟ್ಟದ್ದರಲ್ಲಿ ಅರ್ಧ ತಿಂದು ಅರ್ಧ ಜೇಬಿಗೆ ಸೇರಿಸುವ ಆ ಮಗುವಿಗೆ ಎಲ್ಲರೂ ಇಟ್ಟ ಹೆಸರು ಇಣಚಿ.

ಮಕ್ಕಳು ತಾಯಿಯ ಜೊತೆ ಒಳಗಿರಬಹುದಾದದ್ದು ಆರು ತುಂಬುವವರೆಗೆ ಮಾತ್ರ. ಆರನೆಯ ಹುಟ್ಟುಹಬ್ಬದ ದಿನ ಮಧ್ಯಾಹ್ನ ಎರಡು ಗಂಟೆಗೆ ಊರಾಚೆಯ ಮಕ್ಕಳ ನಿಲಯದಿಂದ ಕಾರು ಬರುತ್ತದೆ. ಆಮೇಲೆ ಎರಡು ತಿಂಗಳಿಗೊಮ್ಮೆ ಕರೆತಂದು ತೋರಿಸುತ್ತಾರೆ. ಹೊರಗೆ ಬೇರೆ ಯಾರಾದರೂ ಮಗುವನ್ನು ಇಟ್ಟುಕೊಳ್ಳುವವರಿದ್ದರೆ ಆ ಮಾತು ಬೇರೆ. ಬನ್ನಕ್ಕನಿಗೆ ತವರೆಂದು ಹೇಳಿಕೊಳ್ಳಲು ಯಾರೂ ಉಳಿದಿರಲಿಲ್ಲ.

ಈ ಸುದ್ದಿಯನ್ನು ಮಗಳಿಗೆ ಹೇಳಬೇಕಿತ್ತು. ಹೇಳುತ್ತೇನೆಂದು ಜೈಲಿನ ಸಮಾಲೋಚಕಿಗೆ ಅವಳು ಮಾತು ಕೊಟ್ಟು ಮೂರು ತಿಂಗಳಾಗಿತ್ತು.

"ಇದನ್ನ ನೀವೇ ಹೇಳ್ಬೇಕು ನೋಡಿ," ಎಂದಿದ್ದಳು ಸಮಾಲೋಚಕಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ. "ನಿಮ್ಮ ಬಾಯಿಂದ ಕೇಳಿದ್ರೆ ಅಳ್ತಾಳೆ, ಕೂಗ್ತಾಳೆ, ಆಮೇಲೆ ಸುಧಾರಿಸ್ಕೋತಾಳೆ. ಹೇಳದೆ ಕಳಿಸಿದ್ರೆ ಮಾತ್ರ ಸುಧಾರಿಸ್ಕೊಳ್ಳಲ್ಲ. ಹೋದ ವರ್ಷ ಒಂದು ಮಗು, ಸಂಜೆ ವಾಪಸ್ ಅಂತ ಅವರಮ್ಮ ಹೇಳಿ ಕಳಿಸಿದ್ಳು. ಒಂದು ತಿಂಗಳು ಕಿಟಕಿ ಹತ್ರ ಚಪ್ಪಲಿ ಹಾಕ್ಕೊಂಡೇ ಕೂತಿತ್ತು. ಆಮೇಲೆ ಅಮ್ಮನ್ನ ನೋಡಕ್ಕೆ ಕರ್ಕೊಂಡು ಬಂದ್ರೆ ಮುಖ ಆ ಕಡೆ ತಿರುಗಿಸ್ಕೊಂಡು ಬಿಡ್ತು."

"ಹೇಳ್ತೀನಿ ಮೇಡಂ. ಖಂಡಿತ ಹೇಳ್ತೀನಿ."

ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ ದಿನಗಳು ಜಾರಿದವು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ ಅವಳು ಓಡಾಡಿದಳು. ಒಮ್ಮೆ ಮಗುವಿಗೆ ಜ್ವರ, ಇನ್ನೊಮ್ಮೆ ಮಗು ತುಂಬ ಖುಷಿಯಲ್ಲಿತ್ತು. ಖುಷಿಯಲ್ಲಿದ್ದ ಮಗುವಿಗೆ ಹೇಳುವುದಂತೂ ಇನ್ನೂ ಕಷ್ಟ.

ಕೊನೆಗೆ ಅವಳೇ ಒಂದು ಉಪಾಯ ಕಂಡುಕೊಂಡಳು. ಹುಟ್ಟುಹಬ್ಬದ ದಿನ ಮಗಳಿಗೆ ತಾನೇ ಕೇಕು ಮಾಡುವುದು. ಭೇಟಿ ಕೋಣೆಯಲ್ಲಿ ಇಬ್ಬರೇ ಕೂತು ತಿನ್ನುವುದು. ಬಾಯಲ್ಲಿ ಸಿಹಿ ಇದ್ದಾಗ ಕಹಿ ಮಾತು ಹೇಗೋ ಇಳಿದೀತು. ಸಮಾಲೋಚಕಿ ಓಡಾಡಿ ಅನುಮತಿ ತಂದುಕೊಟ್ಟಳು. ಭೇಟಿ ಕೋಣೆ, ಹನ್ನೆರಡೂವರೆಯಿಂದ ಒಂದೂವರೆ, ಒಂದು ಗಂಟೆ.

"ಯಾವ ತರದ ಕೇಕು ಬೇಕು?" ಎಂದು ಕೇಳಿದಾಗ ಇಣಚಿ ಯೋಚಿಸಲೇ ಇಲ್ಲ.

"ಬೆಕ್ಕು."

ಜೈಲಿನ ಅಂಗಳಕ್ಕೆ ಬರುತ್ತಿದ್ದ ಪ್ರಾಣಿ ಅದೊಂದೇ. ಹಳದಿ ಪಟ್ಟೆಯ ಬೆಕ್ಕು. ಬೆಳಿಗ್ಗೆ ಗೋಡೆ ಹಾರಿ ಎಲ್ಲಿಗೋ ಹೋಗುತ್ತಿತ್ತು, ಸಂಜೆ ಅಡುಗೆಮನೆಯ ಪಾತ್ರೆ ಸದ್ದಾಗುವ ಹೊತ್ತಿಗೆ ಯಜಮಾನನ ಹಾಗೆ ಮರಳುತ್ತಿತ್ತು.

ಬೇಕರಿ ಕಲಿಸಲು ಹೊರಗಿನಿಂದ ಬರುತ್ತಿದ್ದ ಮೇಷ್ಟ್ರು ತಲೆ ಕೆರೆದುಕೊಂಡರು. ತಗಡಿನ ಅಚ್ಚು ಒಳಗೆ ತರುವಂತಿಲ್ಲ. ಇರುವ ಲೋಹದ ಪ್ರತಿ ತುಂಡಿಗೂ ಅಲ್ಲಿ ಲೆಕ್ಕ. ಚಾಕುವಿಗಂತೂ ಮೇಜಿಗೆ ಸರಪಳಿ. ಎರಡು ದಿನ ಬಿಟ್ಟು ಅವರು ಒಂದು ನೀಲಿ ವಸ್ತುವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡೇ ಬಂದರು. ಬಿಡಿಸಿದರೆ ಬೆಕ್ಕಿನ ಮುಖ. ಎರಡು ಕಿವಿ, ದುಂಡು ಕೆನ್ನೆ, ಮೂಗು, ಮೀಸೆಯ ಗೆರೆಗಳು.

"ನನ್ನ ಮೊಮ್ಮಗಳದ್ದು ಕಣಮ್ಮ. ಸಿಲಿಕೋನ್ ಅಂತೆ. ಕಿವಿ ಹಿಂಡಿದ ಹಾಗೆ ಹಿಂಡಬಹುದು, ಓವನ್ನಿಗಿಟ್ರೂ ಕರಗಲ್ವಂತೆ. ನಂಗೂ ಹೊಸದು. ನಲವತ್ತು ವರ್ಷ ತಗಡು ಬಡಿದ ಕೈ ಇದು."

"ಹೆಂಗೆ ಬಳಸೋದು ಮೇಷ್ಟ್ರೇ?"

"ಡಬ್ಬದ ಮೇಲೆ ಏನೇನೋ ಬರೆದಿತ್ತು. ಗೇಟಲ್ಲಿ ಇಟ್ಕೊಂಡ್ರು. ಮುದ್ರಿಸಿದ ಕಾಗದ ಏನೇ ಇದ್ರೂ ಮೂರು ದಿನ ಪರಿಶೀಲನೆ ಅಂತೆ. ಅಚ್ಚಿಗೆ ಅಚ್ಚೇ ಅಲ್ವಾ? ಎಣ್ಣೆ ಸವರು, ಹಿಟ್ಟು ಸುರಿ, ಬೇಯಿಸು. ಕೆಳಗೊಂದು ತಟ್ಟೆ ಮಾತ್ರ ಇಟ್ಕೋ, ಇಲ್ದಿದ್ರೆ ಎತ್ತುವಾಗ ನಾಗರಹಾವಿನ ಹಾಗೆ ಬಳುಕತ್ತೆ."

ಹುಟ್ಟುಹಬ್ಬದ ಬೆಳಿಗ್ಗೆ ಇಣಚಿ ಮಲಗುವ ಕೋಣೆಯ ಉದ್ದಕ್ಕೂ ಒಂದೊಂದು ಚಾಪೆಯ ಹತ್ತಿರ ನಿಂತು ಸಾರಿದಳು. "ಇವತ್ತು ನಂಗೆ ಆರು! ಇವತ್ತು ನಾನು ಕಾರಲ್ಲಿ ಹೋಗ್ತೀನಿ!" ಕಾರಿನ ವಿಷಯ ಅವಳಿಗೆ ಗೊತ್ತಿತ್ತು. ಯಾಕೆ ಎನ್ನುವುದು ಗೊತ್ತಿರಲಿಲ್ಲ. ಗೊತ್ತಿದ್ದ ಇಪ್ಪತ್ತೆಂಟು ಹೆಂಗಸರು ತುಟಿ ಬಿಚ್ಚಲಿಲ್ಲ. ಒಬ್ಬಳು ಮಗುವಿನ ಜಡೆಗೆ ತನ್ನ ಬಟ್ಟೆಯಂಚಿನಿಂದ ಹರಿದ ಕೆಂಪು ಪಟ್ಟಿ ಕಟ್ಟಿದಳು. ಇನ್ನೊಬ್ಬಳು ಸುಮ್ಮನೆ ಗೋಡೆಯ ಕಡೆ ತಿರುಗಿ ಮಲಗಿದಳು.

ಮೂಲೆಯ ಚಾಪೆಯ ಸಿಡುಕಜ್ಜಿ ಮಾತ್ರ ಎಂದಿನ ಹಾಗೆ ಗುರುಗುಟ್ಟಿದಳು. "ಆರಾದ್ರೆ ಏನೀಗ? ನಂಗೆ ಅರವತ್ತಾರು. ನಾನೇನು ಕುಣೀತಿದೀನಾ?"

"ನಿಂಗೆ ಮಂಡಿ ನೋವಲ್ವಾ ಅಜ್ಜಿ, ಅದಕ್ಕೆ."

"ನೋಡು ಬಾಯಿ! ಮೊಳದುದ್ದ!" ಎಂದಳು ಅಜ್ಜಿ. ಮಗು ಹುಟ್ಟಿದಾಗಿನಿಂದ ಅದರ ಗಲಾಟೆಗೆ ದೂರು ಹೇಳುತ್ತ ಬಂದವಳು ಅವಳು. ಆದರೂ ಆ ದಿನ ಮಗು ತನ್ನ ಚಾಪೆ ತುಳಿದುಕೊಂಡು ಹೋಗುವಾಗ ಕಾಲು ಮಡಿಚಿ ದಾರಿ ಬಿಟ್ಟಳು.

ಬೇಕರಿಯಲ್ಲಿ ಬ್ರೆಡ್ಡಿನ ಸರದಿ ಮುಗಿಯುವುದು ಒಂಬತ್ತೂವರೆಗೆ. ಹನ್ನೊಂದಕ್ಕೆ ರಸ್ಕು ಓವನ್ನಿಗೆ ಹೋಗಲೇಬೇಕು. ಅವೆರಡರ ನಡುವಿನ ಹೊತ್ತು ಬನ್ನಕ್ಕನದು. ಮೇಷ್ಟ್ರು ಬೆಣ್ಣೆ, ನಾಲ್ಕು ಮೊಟ್ಟೆ, ಒಂದು ಚಿಕ್ಕ ಬಾಟಲಿ ವೆನಿಲ್ಲಾ ತಂದಿಟ್ಟು, ಹಿಟ್ಟಿನ ಲಾರಿ ಬಂತೆಂದು ಉಗ್ರಾಣದ ಕಡೆ ಹೋಗಿದ್ದರು.

ಅವಳು ಬೆಣ್ಣೆ ಸಕ್ಕರೆ ತಿಕ್ಕಿ ನೊರೆ ಮಾಡಿದಳು. ಮೊಟ್ಟೆ ಒಂದೊಂದಾಗಿ ಒಡೆದು ಹಾಕಿ ಕಡೆದು ಮೈದಾ ಬೆರೆಸಿದಳು. ಬಾಟಲಿಯ ಮುಚ್ಚಳ ತೆಗೆದಾಗ ಒಂದು ಗಳಿಗೆ ಕೈ ನಿಂತುಬಿಟ್ಟಿತು. ಎರಡು ಹನಿ ಹಿಟ್ಟಿಗೆ ಹಾಕಿದಳು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಇನ್ನೊಂದು ಹನಿಯನ್ನು ತನ್ನ ಜಡೆಗೆ ಸವರಿಕೊಂಡಳು. ಅದು ಹುಚ್ಚುತನವೆಂದು ಅವಳಿಗೂ ಗೊತ್ತಿತ್ತು.

ನೀಲಿ ಅಚ್ಚಿಗೆ ಎಣ್ಣೆ ಸವರಿ, ಕಿವಿಯ ತುದಿಗಳಿಗೆ ಚಮಚದಿಂದ ಹಿಟ್ಟು ತಳ್ಳಿ, ಗಾಳಿಗುಳ್ಳೆ ಉಳಿಯದಂತೆ ತಟ್ಟೆಯನ್ನು ಮೇಜಿಗೆ ಮೆಲ್ಲಗೆ ಕುಟ್ಟಿ, ಓವನ್ನಿಗಿಟ್ಟಳು. ಅದು ಬೇಯುವಷ್ಟು ಹೊತ್ತು ಮನಸ್ಸಿನಲ್ಲೇ ಮಾತು ಜೋಡಿಸಿದಳು. 'ಇಣಚಿ, ನೀನೀಗ ದೊಡ್ಡವಳಾದೆ. ದೊಡ್ಡ ಮಕ್ಕಳಿಗೆ ಬೇರೆ ಮನೆ.' ಬೇಡ, ಅದು ಸರಿಯಿಲ್ಲ. 'ಅಮ್ಮ ಒಂದು ತಪ್ಪು ಮಾಡಿದ್ದಾಳೆ. ಅದಕ್ಕೆ ಅಮ್ಮ ಇಲ್ಲೇ ಇರಬೇಕು. ನೀನೇನೂ ತಪ್ಪು ಮಾಡಿಲ್ಲ, ಅದಕ್ಕೆ ನೀನು ಇರಬಾರದು.' ಇದು ಸರಿ ಅನ್ನಿಸಿತು. ಇದನ್ನೇ ನಾಲ್ಕು ಸಲ ಹೇಳಿಕೊಂಡಳು. ನಾಲ್ಕನೆಯ ಸಲ ಎಲ್ಲೂ ತಡವರಿಸಲಿಲ್ಲ.

ಹತ್ತೂವರೆಗೆ ಕಡ್ಡಿ ಚುಚ್ಚಿ ನೋಡಿದಳು. ಕಡ್ಡಿ ಒಣಗಿ ಬಂತು. ಕೇಕು ಚೆನ್ನಾಗಿ ಉಬ್ಬಿತ್ತು. ಬಟ್ಟೆ ಹಿಡಿದು ತಟ್ಟೆ ಹೊರಗೆಳೆದಳು. ಆಮೇಲೆ ನಡೆದದ್ದನ್ನು ಮಾಡಿದ್ದು ಅವಳಲ್ಲ, ಅವಳ ಕೈ.

ಬ್ರೆಡ್ಡನ್ನು ಓವನ್ನಿನಿಂದ ತೆಗೆದ ಕೂಡಲೇ ಮಗುಚಬೇಕು. ತಡ ಮಾಡಿದರೆ ತಳ ಬೆವರುತ್ತದೆ, ಬೆವರಿದ್ದು ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಇದು ಬೇಕರಿಯ ಮೊದಲ ಪಾಠ. ದಿನಕ್ಕೆ ಇನ್ನೂರು ಸಲದಂತೆ ನಾಲ್ಕು ವರ್ಷ ಮಾಡಿದ ಆ ಕೈ ನೀಲಿ ಅಚ್ಚನ್ನು ಎತ್ತಿತು, ತಿರುಗಿಸಿತು, ಮೇಜಿಗೆ ಕುಕ್ಕಿತು, ಎಳೆಯಿತು.

ಬೆಕ್ಕಿನ ತಲೆಯ ಹಿಂಭಾಗ ಹಲಗೆಯ ಮೇಲೆ ಹೊಗೆಯಾಡುತ್ತ ಕೂತಿತ್ತು. ಮುಖ ಅಚ್ಚಿನಲ್ಲೇ ಉಳಿದಿತ್ತು. ಮೂಗು, ಒಂದು ಕೆನ್ನೆ, ಎರಡೂ ಕಿವಿ.

ಅವಳು ಅಚ್ಚನ್ನು ಎರಡು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಬೆರಳು ಸುಡುತ್ತಿರುವುದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇನ್ನೊಂದು ಬೇಯಿಸಲು ಮೊಟ್ಟೆ ಇಲ್ಲ, ಹೊತ್ತೂ ಇಲ್ಲ.

ಲಾರಿ ಇಳಿಸಿ ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತರು. ಬೈಯಲಿಲ್ಲ. ಏಪ್ರನ್ನು ಕಟ್ಟಿಕೊಂಡು ಬಂದು ಅವಳ ಕೈಯಿಂದ ಅಚ್ಚು ತೆಗೆದುಕೊಂಡರು.

"ಚೂರು ಒಂದನ್ನೂ ಬಿಸಾಡಬೇಡ. ಅಂಟಿಸೋಣ."

"ಅಂಟಿಸಿದ್ರೆ ಕೂರತ್ತಾ ಮೇಷ್ಟ್ರೇ?"

"ನನ್ನ ಹಲ್ಲು ಕೂತಿಲ್ವಾ? ಇದೂ ಕೂರತ್ತೆ."

ಆದರೆ ಕೂರಿಸಲು ಕೇಕು ಆರಬೇಕಿತ್ತು. ಬಿಸಿಯ ಮೇಲೆ ಬೆಣ್ಣೆ ಕ್ರೀಮು ಹಚ್ಚಿದರೆ ನೀರಾಗಿ ಹರಿಯುತ್ತದೆ. ಮೇಷ್ಟ್ರು ತಟ್ಟೆ ಹಿಡಿದು ಬೀಸಿದರು, ರಸ್ಕಿನ ಹೆಂಗಸರು ಸರದಿಯಂತೆ ಬೀಸಿದರು. ಗಡಿಯಾರ ಮಾತ್ರ ಯಾರ ಮುಲಾಜೂ ಇಲ್ಲದೆ ಓಡಿತು. ಹನ್ನೆರಡಾಯಿತು. ಕಿವಿಗಳನ್ನು ಕ್ರೀಮಿನಿಂದ ಅಂಟಿಸಿದಳು, ಒಂದು ಜಾರಿತು, ಮತ್ತೆ ಅಂಟಿಸಿದಳು. ಮುರಿದ ಕೆನ್ನೆಗೆ ಪುಡಿಯನ್ನು ಕ್ರೀಮಿನಲ್ಲಿ ಕಲಸಿ ಗಾರೆಯ ಹಾಗೆ ಮೆತ್ತಿದಳು. ಸರಪಳಿಯ ಚಾಕು ಅಲ್ಲಿಗೆ ಎಟುಕುತ್ತಿರಲಿಲ್ಲ. ಚಮಚದ ಬೆನ್ನಿನಿಂದಲೇ ನುಣುಪು ಮಾಡಿದಳು. ಬೆಣ್ಣೆ ಕಾಗದ ಸುರುಳಿ ಸುತ್ತಿ, ಕೋಕೋ ಬೆರೆಸಿದ ಕ್ರೀಮು ತುಂಬಿ, ತುದಿ ಹರಿದು, ಹಣೆಯ ಮೇಲೆ ಪಟ್ಟೆ ಎಳೆದಳು. ಪಟ್ಟೆಗಳು ಚೆನ್ನಾಗಿ ಬಂದವು. ಮೀಸೆಗೆ ಅಡುಗೆಮನೆಯವರು ಒಣ ಶ್ಯಾವಿಗೆ ಕಡ್ಡಿ ಕೊಟ್ಟು ಕಳಿಸಿದ್ದರು, ಆರು ಬೇಕಿದ್ದರೆ ಹನ್ನೆರಡು. ಮುರಿದರೆ ಇರಲಿ ಎಂದು.

ಒಂದು ಗಂಟೆಯಾಗಿತ್ತು. ಅವಳು ಹಲಗೆ ಎತ್ತಿಕೊಂಡು ಓಡಲೂ ಆಗದೆ ನಡೆಯಲೂ ಆಗದೆ ಅಂಗಳ ದಾಟಿದಳು.

ಭೇಟಿ ಕೋಣೆಗೆ ಹೋಗುವ ದಾರಿಯಲ್ಲಿ ಕಬ್ಬಿಣದ ಗೇಟು. ಅಲ್ಲಿ ಸೊಂಟದಲ್ಲಿ ಗೊಂಚಲು ಬೀಗದ ಕೈ ತೂಗಿಸಿಕೊಂಡಿದ್ದ ಕಾವಲಿನವಳನ್ನು ಎಲ್ಲರೂ ಬೀಗದ ಮೇಡಂ ಎನ್ನುತ್ತಿದ್ದರು. ಬೇಕರಿಯಿಂದ ಹೊರಹೋಗುವ ತಿನಿಸನ್ನೆಲ್ಲ ಉಕ್ಕಿನ ಕಡ್ಡಿಯಿಂದ ಚುಚ್ಚಿ, ಒಳಗೇನೂ ಅಡಗಿಸಿಲ್ಲ ಎಂದು ನೋಡಿ, ಬರೆದು, ಬಿಡಬೇಕು. ಅವಳು ಕಡ್ಡಿ ಎತ್ತಿದವಳು ಕೇಕು ನೋಡಿ ತಡೆದಳು.

"ಇದೇನು ಹಿಂಗಾಗಿದೆ?"

"ಬಿಸಿ ಇದ್ದಾಗ್ಲೇ ಮಗುಚಿಬಿಟ್ಟೆ ಮೇಡಂ."

"ಅಯ್ಯೋ, ಪೂರ್ತಿ ಆರಿದ ಮೇಲೆ ತೆಗೀಬೇಕು ಅಂತ ಡಬ್ಬದ ಮೇಲೆ ಇತ್ತಲ್ಲ! ನಾನು ಮೊನ್ನೆ ಓದ್ದೆ. ದಪ್ಪಕ್ಷರದಲ್ಲಿ ಬರೆದಿತ್ತು."

"ಒಂದ್ ಮಾತು ಹೇಳ್ಬಾರದಿತ್ತಾ?"

ಬೀಗದ ಮೇಡಂ ಮುಖ ಕೆಂಪಾಯಿತು. "ಬೇಕರಿಯವಳಿಗೆ ಕೇಕು ತೆಗೆಯೋದು ನಾನು ಹೇಳಿಕೊಡೋದಾ ಅಂದ್ಕೊಂಡೆ ಕಣೆ," ಎಂದಳು. ಕಡ್ಡಿಯನ್ನು ಬಟ್ಟೆಯಲ್ಲಿ ಎರಡು ಸಲ ಒರೆಸಿದಳು. ಚುಚ್ಚದೆ ಬಿಡುವ ಹಾಗಿರಲಿಲ್ಲ, ಮೇಲೆ ಕ್ಯಾಮೆರಾ ಇತ್ತು. "ಕಣ್ಣು ಎಲ್ಲಿ ಬರತ್ತೆ? ಬೆರಳಿಟ್ಟು ತೋರ್ಸು."

ಬನ್ನಕ್ಕ ತೋರಿಸಿದಳು. ಬೀಗದ ಮೇಡಂ ಉಸಿರು ಬಿಗಿಹಿಡಿದು ಆ ಎರಡು ಜಾಗದಲ್ಲಿ ಮಾತ್ರ, ಕಿವಿ ಚುಚ್ಚುವಷ್ಟು ಜತನವಾಗಿ ಕಡ್ಡಿ ಇಳಿಸಿ ತೆಗೆದಳು. ಆ ತೂತುಗಳಲ್ಲಿ ಬನ್ನಕ್ಕ ಹಲಗೆಯ ಅಂಚಿನಲ್ಲಿ ತಂದಿದ್ದ ಎರಡು ಒಣದ್ರಾಕ್ಷಿ ಕೂರಿಸಿದಳು. ಬೆಕ್ಕಿಗೆ ಕಣ್ಣು ಬಂತು.

ಭೇಟಿ ಕೋಣೆ ಹೊಕ್ಕಾಗ ಗೋಡೆಯ ಗಡಿಯಾರದಲ್ಲಿ ಒಂದು ಹತ್ತು. ಹೊಸ ಹಳದಿ ಅಂಗಿ, ಹೊಸ ಬೂಟು ಹಾಕಿಕೊಂಡು ಇಣಚಿ ಕುರ್ಚಿಯ ಮೇಲೆ ಕಾಲು ಆಡಿಸುತ್ತ ಕೂತಿದ್ದಳು. ಸಮಾಲೋಚಕಿ ಎದ್ದು, "ಇಪ್ಪತ್ತು ನಿಮಿಷ ಇದೆ. ನಾನು ಹೊರಗಿರ್ತೀನಿ," ಎಂದು ಬಾಗಿಲು ಎಳೆದುಕೊಂಡಳು. ಹೋಗುವ ಮೊದಲು ಬನ್ನಕ್ಕನ ಕಣ್ಣನ್ನು ಒಮ್ಮೆ ನೋಡಿದಳು.

ಮಗು ಕೇಕಿನ ಸುತ್ತ ಒಂದು ಸುತ್ತು ಹಾಕಿತು.

"ಇದರ ಮುಖಕ್ಕೆ ಗಾಯ ಆಗಿದೆ."

"ಹೂಂ ಕಣೆ."

"ಗೋಡೆಯಿಂದ ಬಿತ್ತಾ?"

"ಹೂಂ."

"ಯಾರು ತಳ್ಳಿದ್ದು?"

ಬನ್ನಕ್ಕ ಜಾರುತ್ತಿದ್ದ ಕಿವಿಯನ್ನು ಬೆರಳಿನಿಂದ ಒತ್ತಿದಳು. "ಯಾರೂ ಇಲ್ಲ. ಬಿಸಿ ಇದ್ದಾಗ ಅಮ್ಮ ಆತುರ ಮಾಡಿದ್ಳು," ಎಂದಳು.

"ಪರವಾಗಿಲ್ಲ. ಕಣ್ಣು ಚೆನ್ನಾಗಿದೆ." ಇಣಚಿ ಒಂದು ಕಿವಿ ಕಿತ್ತು ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ಕಿತ್ತು ಹೊಸ ಅಂಗಿಗೆ ಜೇಬು ಹುಡುಕಿದಳು. ಜೇಬಿರಲಿಲ್ಲ. ಕಿವಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡಳು.

ಒಂದು ಹದಿನೆಂಟು.

"ಇಣಚಿ, ಇಲ್ಲಿ ಬಾ. ಅಮ್ಮನ ತೊಡೆ ಮೇಲೆ ಕೂತ್ಕೋ. ಒಂದ್ ಮಾತು ಹೇಳ್ತೀನಿ."

ಮಗು ಬಂದು ಕೂತಿತು. ಅವಳ ಜಡೆಯನ್ನು ಮೂಸಿತು. "ಅಮ್ಮಾ, ನೀನು ಕೇಕ್ ವಾಸನೆ."

ಬನ್ನಕ್ಕ ಜೋಡಿಸಿಟ್ಟಿದ್ದ ಮಾತುಗಳೆಲ್ಲ ಒಂದೇ ಏಟಿಗೆ ಚೆಲ್ಲಾಪಿಲ್ಲಿಯಾದವು. ತಪ್ಪು, ಮನೆ, ದೊಡ್ಡವಳು, ಇಲ್ಲೇ ಇರಬೇಕು, ಎಲ್ಲ ತುಂಡು ತುಂಡು. ಒಂದನ್ನು ಎತ್ತಿದರೆ ಇನ್ನೊಂದು ಸಿಗಲಿಲ್ಲ.

"ಅಮ್ಮ ಒಂದು..." ಎಂದಳು. "ನೀನು ಈಗ ಹೋಗ್ತಿದೀಯಲ್ಲ..."

"ಕಾರಿಗೆ ಕಿಟಕಿ ಇರತ್ತಾ? ನಾನೇ ತೆಗೀಬಹುದಾ?"

"ತೆಗೀಬಹುದು. ಇಣಚಿ, ಕೇಳು..."

"ಸರಳು ಇರಲ್ವಾ?"

"ಇರಲ್ಲ."

"ಹಂಗಾದ್ರೆ ನಾನು ಬೆಕ್ಕಿನ ತರಾನೇ!" ಮಗು ತೊಡೆಯ ಮೇಲೆ ಪುಟಿಯಿತು. "ಬೆಳಿಗ್ಗೆ ಹೋಗೋದು, ಎಲ್ಲಾ ನೋಡೋದು, ಸಂಜೆ ಪಾತ್ರೆ ಸದ್ದಾದ ತಕ್ಷಣ ವಾಪಸ್ ಬರೋದು. ಅಲ್ವಾ ಅಮ್ಮಾ?"

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಮಗುವೇ ಬಾಗಿಲು ತೆರೆದು ನಿಂತಿತ್ತು. ಇಲ್ಲ ಕಂದಾ, ಎನ್ನುವುದಷ್ಟೇ ಬಾಕಿ. ಬನ್ನಕ್ಕ ಮಗಳ ಮುಖ ನೋಡಿದಳು. ಆ ಮುಖದಲ್ಲಿ ಭಯದ ಒಂದು ಗೆರೆಯೂ ಇರಲಿಲ್ಲ. ಹತ್ತು ನಿಮಿಷ ಉಳಿದಿತ್ತು. ಹತ್ತು ನಿಮಿಷದಲ್ಲಿ ಒಡೆಯಬಹುದು, ಅಂಟಿಸಲಾಗದು. ಅಂಟಿಸಲು ಎಷ್ಟು ಹೊತ್ತು ಬೇಕೆಂದು ಅವಳಿಗೆ ಈಗಷ್ಟೇ ತಿಳಿದಿತ್ತು. ಇಡೀ ಗಂಟೆ ಸಿಕ್ಕಿದ್ದರೆ, ಎಂದುಕೊಂಡಳು. ಅದೂ ನಿಜವೋ ನೆಪವೋ ಅವಳಿಗೇ ತಿಳಿಯಲಿಲ್ಲ.

"ಹೂಂ," ಎಂದಳು.

ಉಳಿದ ಹತ್ತು ನಿಮಿಷ ಅವರು ಕೇಕು ತಿಂದರು. ಮಗು ಒಂದು ಮೀಸೆಯನ್ನು ಕಚ್ಚಿ, ಉಗಿದು, ನಕ್ಕಿತು. ಬನ್ನಕ್ಕನೂ ನಕ್ಕಳು. ಕೇಕು ನಿಜಕ್ಕೂ ರುಚಿಯಾಗಿತ್ತು.

ಬಾಗಿಲು ತೆರೆದು ಸಮಾಲೋಚಕಿ ಕತ್ತು ಹಾಕಿದಳು. ಮಗುವಿನ ನಗುಮುಖ ನೋಡಿ ಅವಳಿಗೆ ಆಶ್ಚರ್ಯವಾಯಿತು. "ಹೇಳಿದ್ರಾ?" ಎಂದಳು ಮೆಲ್ಲಗೆ.

ಬನ್ನಕ್ಕ ಹೌದೆಂದು ತಲೆಯಾಡಿಸಿದಳು. ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು ಎಷ್ಟು ಸಲೀಸಾಗಿ ಬಂದುಬಿಟ್ಟಿತು!

"ಗಟ್ಟಿ ಹುಡುಗಿ," ಎಂದಳು ಸಮಾಲೋಚಕಿ, ಬನ್ನಕ್ಕನ ಭುಜ ಅದುಮಿ. "ನೀವೂ ಗಟ್ಟಿಗಿತ್ತಿ."

ಎರಡು ಗಂಟೆಗೆ ಕಾರು ಬಂತು. ದೊಡ್ಡ ಗೇಟಿನ ಈಚೆ, ಹಳದಿ ಗೆರೆಯ ಹಿಂದೆ ನಿಲ್ಲಲು ಬನ್ನಕ್ಕನಿಗೆ ಅನುಮತಿ ಇತ್ತು. ಅಲ್ಲಿಂದ ಕಾರಿನ ಬಾಗಿಲು ಮಾತ್ರ ಕಾಣುತ್ತಿತ್ತು. ಇಣಚಿ ಅಮ್ಮನ ಕೆನ್ನೆಗೆ ಕ್ರೀಮು ಮೆತ್ತಿದ ಒಂದು ಮುತ್ತು ಕೊಟ್ಟು, ಸಮಾಲೋಚಕಿಯ ಕೈ ಹಿಡಿದು ಓಡಿದಳು. ಹುಟ್ಟಿದ ಮೇಲೆ ಮೊದಲ ಸಲ ಕಾರು ಹತ್ತುವ ಮಗು ಹಿಂದೆ ತಿರುಗಿ ಯಾಕೆ ನೋಡೀತು? ಬಾಗಿಲು ಧಡ್ ಎಂದಿತು. ಗಾಜು ಕೆಳಗಿಳಿಯಿತು. ಒಂದು ಪುಟ್ಟ ಕೈ ಹೊರಗೆ ಬಂದು ಗಾಳಿಯಲ್ಲಿ ಈಜಾಡುತ್ತ ದೂರವಾಯಿತು. ಅದು ಬೀಳ್ಕೊಡುವ ಕೈಯಾಗಿರಲಿಲ್ಲ. ಗಾಳಿ ಮುಟ್ಟಿ ನೋಡುತ್ತಿದ್ದ ಕೈ.

ಗೇಟು ಮುಚ್ಚಿದ ಮೇಲೂ ಬನ್ನಕ್ಕ ಗೆರೆಯ ಹಿಂದೆಯೇ ನಿಂತಿದ್ದಳು. ನಾಲ್ಕು ಗಂಟೆಗೆ ಮಗು ಅಲ್ಲಿ ಇಳಿಯುತ್ತದೆ. ಹೊಸ ಜಾಗ, ಆಟ, ಬೇರೆ ಮಕ್ಕಳು. ಐದಾಗುತ್ತದೆ, ಆರಾಗುತ್ತದೆ. ಅಲ್ಲಿನ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗುತ್ತದೆ. ಆಗ ಅದು ಎದ್ದು ಬೂಟು ಹಾಕಿಕೊಳ್ಳುತ್ತದೆ.

ಅವಳು ಬೀಗದ ಮೇಡಂ ಹತ್ತಿರ ಓಡಿದಳು.

"ಮೇಡಂ, ಒಂದು ಫೋನು. ಒಂದೇ ಒಂದು ಮಾತು. ನಾನು ಮಗೂಗೆ ಹೇಳಿಲ್ಲ. ಹೇಳಿದೀನಿ ಅಂದಿದ್ದು ಸುಳ್ಳು."

ಬೀಗದ ಮೇಡಂ ಗೋಡೆಗೆ ಅಂಟಿಸಿದ್ದ ಫೋನಿನ ಪಟ್ಟಿ ನೋಡಿದಳು. "ಫೋನು ಗುರುವಾರ ಕಣೆ. ಇವತ್ತು ಸೋಮವಾರ. ದೊಡ್ಡ ಸಾಹೇಬರು ಇದ್ದಿದ್ರೆ ಕೇಳಬಹುದಿತ್ತು, ರಜದಲ್ಲಿದ್ದಾರೆ." ಆಮೇಲೆ ತನ್ನ ದಾಖಲೆ ಪುಸ್ತಕದ ಕೊನೆಯ ಹಾಳೆ ಹರಿದು, ಪೆನ್ಸಿಲ್ಲಿನ ಜೊತೆ ಮುಂದೆ ಚಾಚಿದಳು. "ಬರಕೊಡು. ಸಮಾಲೋಚಕಿ ಮೇಡಂ ಇವತ್ತು ಹೊರಟೋದ್ರು. ನಾಳೆ ಬಂದ ತಕ್ಷಣ ನಾನೇ ಕೈಯಲ್ಲಿ ಕೊಡ್ತೀನಿ."

"ನಾಳೆ ಕೊಟ್ರೆ ಏನು ಬಂತು? ಅದು ಕಾಯೋದು ಇವತ್ತು."

ಬೀಗದ ಮೇಡಂ ಪೆನ್ಸಿಲ್ಲನ್ನು ಅವಳ ಕೈಗೆ ತುರುಕಿದಳು. ಬನ್ನಕ್ಕ ಹಾಳೆಯನ್ನು ಗೋಡೆಗೊತ್ತಿ ಬರೆದಳು. 'ನಾನು ಹೇಳಿರಲಿಲ್ಲ. ಸಂಜೆ ಬರ್ತೀಯ ಅಂದೆ. ತಪ್ಪು ನಂದು. ಮಗೂನ ಬೈಬೇಡಿ.' ಇನ್ನೂ ಏನೋ ಬರೆಯಬೇಕೆಂದು ಪೆನ್ಸಿಲ್ಲನ್ನು ಹಾಗೇ ಊರಿಕೊಂಡು ನಿಂತಳು. ತುದಿ ಮುರಿಯಿತು.

ಮಧ್ಯಾಹ್ನ ರಸ್ಕು ಕಟ್ಟಿದಳು. ಕಟ್ಟಿಗೆ ಹನ್ನೆರಡು ಎಣಿಸಿ ಹಾಕುವುದು ವಾಡಿಕೆ. ಅವಳ ಕಟ್ಟುಗಳು ಒಮ್ಮೆ ಹನ್ನೊಂದು, ಒಮ್ಮೆ ಹದಿನಾಲ್ಕು ಬಂದವು. ಪಕ್ಕದವಳು ಅವನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದಳು. ಮೇಷ್ಟ್ರು ಹೊರಡುವ ಮುಂಚೆ ಹತ್ತಿರ ಬಂದು ನಿಂತರು. "ಡಬ್ಬ ನಾನು ಓದಬೇಕಿತ್ತಮ್ಮ," ಎಂದರು. ಅವಳು ಇಲ್ಲ ಎನ್ನುವಂತೆ ತಲೆ ಅಲ್ಲಾಡಿಸಿದಳು. ಕೇಕಿನದ್ದೇನು, ಅದನ್ನು ಮಗು ತಿಂದೇ ತಿಂದಿತು. ಆರಲು ಬಿಡದೆ ಮಗುಚಿದ್ದಕ್ಕಲ್ಲ, ಮೂರು ತಿಂಗಳು ಆರಲು ಬಿಟ್ಟೂ ಮಗುಚಲಾರದೆ ಹೋದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತ್ತು. ಮೆಟ್ಟಿಲ ಮೇಲೆ ತಳ್ಳಿದ್ದು ಒಂದು ಗಳಿಗೆಯ ಕುರುಡು. ಇದು ಹಾಗಲ್ಲ. ಇದನ್ನು ಕಣ್ಣು ಬಿಟ್ಟುಕೊಂಡೇ ಮಾಡಿದಳು.

ಐದಕ್ಕೆ ತಲೆ ಎಣಿಕೆಯಾಯಿತು. ಇಪ್ಪತ್ತೊಂಬತ್ತು ಹೆಂಗಸರು, ಒಂದು ಮಗು ಎಂದು ಕೂಗುವ ಅಭ್ಯಾಸವಿದ್ದ ಕಾವಲಿನವಳು "ಇಪ್ಪತ್ತೊಂಬತ್ತು" ಎಂದು ನಿಲ್ಲಿಸಿದಳು.

ಆರಕ್ಕೆ ಅಡುಗೆಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದವು.

ಬನ್ನಕ್ಕ ಚಾಪೆಯ ಮೇಲೆ ಮಂಡಿ ತಬ್ಬಿ ಕೂತಿದ್ದಳು. ಆ ಸದ್ದು ಕೇಳಬಾರದೆಂದು ಎರಡೂ ಕಿವಿ ಮುಚ್ಚಿಕೊಂಡಳು. ಅದು ಅಂಗೈ ದಾಟಿಕೊಂಡು ಒಳಗೆ ಬಂತು. ಈಗ ಎದ್ದಿರುತ್ತದೆ. ಈಗ ಬೂಟು ಹುಡುಕುತ್ತಿರುತ್ತದೆ. ಬಲಗಾಲಿನದ್ದು ಎಡಗಾಲಿಗೆ ಹಾಕುತ್ತದೆ, ಯಾವಾಗಲೂ ಹಾಗೆಯೇ. ಯಾರಾದರೂ ಹೇಳುತ್ತಾರೆ, ಎಲ್ಲಿಗೆ ಹೊರಟೆ ಪುಟ್ಟಿ, ಇನ್ನು ಇಲ್ಲೇ ಕಣೆ. ಅದು ನಗುತ್ತದೆ. ಇಲ್ಲ, ಅಮ್ಮ ಹೂಂ ಅಂದಿದ್ದಾಳೆ, ಎನ್ನುತ್ತದೆ. ಎರಡನೆಯ ಸಲ ಹೇಳಿದಾಗ ನಗುವುದಿಲ್ಲ.

ಹೆಂಗಸರೆಲ್ಲ ಊಟದ ಸಾಲಿಗೆ ಹೋದರು. ಸಾಲಿನಲ್ಲಿ ನಿಂತವರಿಗೆ ಮಾತ್ರ ತಟ್ಟೆ, ಒಬ್ಬರಿಗೆ ಒಂದೇ, ಆರೂವರೆಗೆ ಕಿಂಡಿ ಮುಚ್ಚುತ್ತದೆ. "ಏಳು ಬನ್ನಕ್ಕಾ," ಎಂದು ಇಬ್ಬರು ಮೂವರು ಕರೆದರು. ಅವಳು ಏಳಲಿಲ್ಲ. ಕಿಂಡಿ ಮುಚ್ಚಿದ ಸದ್ದೂ ಕೇಳಿಸಿತು.

ಎಷ್ಟೋ ಹೊತ್ತಿನ ಮೇಲೆ ಮಂಡಿ ಸವರಿಕೊಳ್ಳುತ್ತ, ಗೋಡೆ ಹಿಡಿದುಕೊಂಡು, ಸಿಡುಕಜ್ಜಿ ಮೂಲೆಯಿಂದ ಎದ್ದು ಬಂದಳು. ಅವಳ ಕೈಯಲ್ಲಿ ಅವಳದೇ ತಟ್ಟೆ. ಎರಡು ಹೋಳು ಬ್ರೆಡ್ಡು, ಬೇಯಿಸಿದ ಬೇಳೆ, ಒಂದು ಆಲೂಗಡ್ಡೆ. ಯಾವುದಕ್ಕೂ ಬೆರಳು ತಾಕಿರಲಿಲ್ಲ. ಆಲೂಗಡ್ಡೆಯ ಸಿಪ್ಪೆಯನ್ನು ಮಾತ್ರ, ಚಿಕ್ಕ ಮಕ್ಕಳಿಗೆ ಸುಲಿದು ಕೊಡುವ ಹಾಗೆ, ಪೂರ್ತಿ ಸುಲಿದಿದ್ದಳು.

ಅಜ್ಜಿ ಕಷ್ಟಪಟ್ಟು ಬಗ್ಗಿ, ಬನ್ನಕ್ಕನ ಕಿವಿಯ ಮೇಲಿದ್ದ ಒಂದು ಕೈಯನ್ನು ಮೆಲ್ಲಗೆ ಬಿಡಿಸಿ, ಅದರ ಮೇಲೆ ತಟ್ಟೆ ಇಟ್ಟಳು.